ದಿಂಬತ್ತೆಯ ಸೊಟ್ಟ ಎಸೆತ

ದಿಂಬತ್ತೆಗೆ ಸಿಟ್ಟು ಬಂದರೆ ಏಟು ಬೀಳುತ್ತಿದ್ದುದು ಹತ್ತಿಗೆ. ಮನುಷ್ಯರಿಗೆ ಬೀಳಬೇಕಾದದ್ದೆಲ್ಲ ಹತ್ತಿಗೆ ಬಿದ್ದು ಮುಗಿಯುತ್ತಿದ್ದುದರಿಂದಲೇ ಆ ಓಣಿಯವರ ಬೆನ್ನುಗಳು ನೆಟ್ಟಗಿದ್ದವು, ಅವಳು ಹೊಲಿದ ಹಾಸಿಗೆಗಳೂ ಅಷ್ಟು ಮೆತ್ತಗಿದ್ದವು. ಆ ಸೋಮವಾರ ಸಂಜೆ ಬೆತ್ತದ ಸದ್ದು ಎಷ್ಟು ಜೋರಾಗಿತ್ತೆಂದರೆ, ಎದುರಿನ ಗಡಿಯಾರ ರಿಪೇರಿಯವನು ಬಾಗಿಲಲ್ಲಿ ಇಣುಕಿ "ಇವತ್ತು ಯಾರಮ್ಮಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ವಾಪಸ್ಸು ಹೋದ.

ಇವತ್ತು ಕೋಚ್ ಮೇಡಂ.

"ಇನ್ನೊಂದ್ಸಲ ಹೇಳು. ಏನಂದಳು ಆ ಮಹಾತಾಯಿ?" ಎಂದಳು ದಿಂಬತ್ತೆ, ಬೆತ್ತ ಎತ್ತಿ ಹಿಡಿದು.

ಹತ್ತಿಯ ಗುಡ್ಡೆಯ ಮೇಲೆ ಕೂತಿದ್ದವಳು ಅವಳ ಅಣ್ಣನ ಮಗಳು. ಹದಿಮೂರು ವರ್ಷ. ಕುಳ್ಳಿ, ದುಂಡಗೆ, ಹಾಸಿಗೆಗೆ ಹಾಕುವ ಗುಂಡಿಯ ಹಾಗಿದ್ದಾಳೆಂದು ಹುಟ್ಟಿದ ವಾರದಲ್ಲೇ ಅತ್ತೆ ಇಟ್ಟ ಹೆಸರು ಗುಂಡಿ. ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ಸಂಜೆಯೆಲ್ಲ ಈ ಅಂಗಡಿಯಲ್ಲೇ ಅವಳ ಠಿಕಾಣಿ. ಮೂಗು ಸೊರ್ ಎಂದು ಎಳೆದುಕೊಂಡು ಹೇಳಿದಳು:

"ಶನಿವಾರದ ಮ್ಯಾಚಲ್ಲಿ ಮೂರು ಚೆಂಡು ನನ್ನಿಂದ ತಪ್ಪಿಸ್ಕೊಂಡು ಹೋದ್ರೆ, ಗ್ಲೌಸ್ ಬಿಚ್ಚಿ ಆ ಬದಲಿ ಹುಡುಗಿ ಉದ್ದಜಡೆಗೆ ಕೊಡ್ಬೇಕಂತೆ. ಆಮೇಲೆ ಈ ವರ್ಷವೆಲ್ಲ ನಾನು ಮೈದಾನದ ಮೂಲೇಲಿ ನಿಲ್ಬೇಕಂತೆ."

"ಮೂಲೇಲಿ ನಿಂತು ಏನ್ಮಾಡೋದು?"

"ಏನೂ ಇಲ್ಲ. ಹುಲ್ಲು ನೋಡೋದು."

ಹತ್ತಿಗೆ ಮತ್ತೆ ನಾಲ್ಕು ಬಿತ್ತು.

ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡಿನಾಟ ಎಂದು ದಿಂಬತ್ತೆ ಬಹಳ ದಿನ ನಂಬಿದ್ದಳು. ಹೆಸರು ಕೇಳಿ ಮೋಸಹೋದವಳು ಅವಳೊಬ್ಬಳೇ ಅಲ್ಲ. ಚೆಂಡು ಕಲ್ಲಿನಂತಿರುತ್ತದೆ. ಪಿಚರ್ ಎಂಬವಳು ಕೈಯನ್ನು ಗಾಣದ ಹಾಗೆ ತಿರುಗಿಸಿ ಸೊಂಟದ ಕೆಳಗಿನಿಂದ ಅದನ್ನು ಬಿಡುತ್ತಾಳೆ. ಎದುರಾಳಿ ಬ್ಯಾಟ್ ಬೀಸುತ್ತಾಳೆ. ಅವಳ ಬೆನ್ನ ಹಿಂದೆ ಮುಖಕ್ಕೆ ಜಾಲರಿ, ಎದೆಗೆ ಗಾರ್ಡ್ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತ ಬಡಪಾಯಿ ಕ್ಯಾಚರ್. ಬ್ಯಾಟಿಗೆ ಸಿಗದ ಚೆಂಡನ್ನೆಲ್ಲ ಅವಳು ಹಿಡಿಯಬೇಕು; ನೆಲಕ್ಕೆ ಕುಟ್ಟಿ ಬಂದರೆ ಮೈಯೊಡ್ಡಿ ತಡೆಯಬೇಕು. ಅವಳನ್ನು ದಾಟಿ ಹೋಯಿತೋ, ಬೇಸ್ ಎಂಬ ನಿಲ್ದಾಣಗಳಲ್ಲಿ ಹೊಂಚುಹಾಕುತ್ತಿರುವ ಎದುರಾಳಿಗಳು ಓಡಿ ಬಂದು ಓಟ ಗಳಿಸಿಬಿಡುತ್ತಾರೆ. ತಪ್ಪು ಯಾರದ್ದೇ ಇರಲಿ, ಬೈಗುಳ ಕ್ಯಾಚರ್‌ಗೆ. ಅಂಥ ಜಾಗಕ್ಕೆ ಯಾಕೆ ಸಾಯಬೇಕು ಎಂದು ಅತ್ತೆಗೆ ಅರ್ಥವಾಗಿರಲಿಲ್ಲ.

"ಹೋದ್ರೆ ಹೋಯ್ತು ಬಿಡೇ. ಮೂಲೇಲಿ ತಣ್ಣಗೆ ನಿಂತ್ಕೊ."

"ಎಡಚಿ ಅಲ್ಲಿರಲ್ವಲ್ಲ ಅತ್ತೆ!" ಎಂದು ಗುಂಡಿ ಭೋರೆಂದು ಅತ್ತೇಬಿಟ್ಟಳು.

ಎಡಚಿ ಅವರ ತಂಡದ ಪಿಚರ್, ಲಿಫ್ಟ್ ಮೆಕ್ಯಾನಿಕನ ಮಗಳು, ಒಂದನೇ ತರಗತಿಯಿಂದ ಗುಂಡಿಯ ಜೀವದ ಗೆಳತಿ. ಅವಳ ಹತ್ತಿರ ಒಂದು ಚೆಂಡಿತ್ತು; ನೇರ ಬಂದು ಬ್ಯಾಟಿನ ಹತ್ತಿರ ದುಡುಮ್ಮನೆ ನೆಲಕ್ಕಿಳಿಯುವ ಚೆಂಡು. 'ಮುಳುಗ' ಎಂದು ಇಬ್ಬರೂ ಸೇರಿ ಹೆಸರಿಟ್ಟಿದ್ದರು. ಯಾರ ಬ್ಯಾಟಿಗೂ ಸಿಗುತ್ತಿರಲಿಲ್ಲ. ತೊಂದರೆ ಏನೆಂದರೆ ಗುಂಡಿಗೂ ಸಿಗುತ್ತಿರಲಿಲ್ಲ. ಕಳೆದ ಎರಡು ಮ್ಯಾಚುಗಳಲ್ಲಿ ಎಡಚಿ ಅದನ್ನು ಎಸೆಯುವುದನ್ನೇ ಬಿಟ್ಟಿದ್ದಳು. ಒಂದು ಮಾತೂ ಆಡಿರಲಿಲ್ಲ, ಸುಮ್ಮನೆ ಬಿಟ್ಟಿದ್ದಳು. ಗುಂಡಿಗೆ ಕೋಚ್ ಬೈದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತ್ತು.

ದಿಂಬತ್ತೆ ಬೆತ್ತ ಕೆಳಗಿಟ್ಟಳು. "ಏಳು. ಹಿಂದಿನ ಓಣಿಗೆ ನಡಿ. ಅದೇನು ಚೆಂಡೋ ನಾನೂ ನೋಡ್ತೀನಿ."

ಅಂಗಡಿಯ ಹಿಂದೆ ಎರಡು ಗೋಡೆಗಳ ನಡುವೆ ಉದ್ದನೆಯ ಓಣಿ. ಒಣಹಾಕಿದ ಹಾಸಿಗೆಗಳು, ಒಂದು ಮುರುಕು ಸ್ಟೂಲು. ಗುಂಡಿ ಜಾಲರಿ ಕಟ್ಟಿಕೊಂಡು ಕೂತಳು. ದಿಂಬತ್ತೆ ಸೆರಗು ಬಿಗಿದು, ನಾಲಗೆ ಕಚ್ಚಿ, ಎಸೆದಳು. ಚೆಂಡು ಹಿಂದಕ್ಕೆ ಹೋಯಿತು.

"ಅತ್ತೆ, ನಾನು ಈ ಕಡೆ ಇದ್ದೀನಿ."

"ಗೊತ್ತಮ್ಮಾ! ಕೈಯಿಂದ ಜಾರ್ತು."

ಎರಡನೆಯದು ಗೋಡೆಗೆ. ಮೂರನೆಯದು ಮಾರು ದೂರದಲ್ಲೇ ನೆಲಕ್ಕೆ ಕುಟ್ಟಿ, ಪುಟಿದು, ಸ್ಟೂಲಿನ ಉಳಿದಿದ್ದ ಕಾಲನ್ನೂ ತೆಗೆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ದಿಂಬತ್ತೆ ಮೊದಲು ಚೆಂಡಿಗೆ ಬೈದಳು, ಆಮೇಲೆ ಓಣಿಗೆ, ಆಮೇಲೆ ಗಾಳಿಗೆ. ಗುಂಡಿ ಅಳುತ್ತಿದ್ದವಳು ಜಾಲರಿಯೊಳಗೆ ಕಿಸಕ್ಕೆಂದು ನಕ್ಕಳು, ನಕ್ಕವಳಿಗೆ ಬಿಕ್ಕಳಿಕೆ ಬಂತು. ಅದನ್ನು ನೋಡಿ ಅತ್ತೆಗೂ ನಗು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಓಣಿಯ ಆಚೆ ಈಚೆ ಗೋಡೆಗೊರಗಿದರು.

ಆದರೆ ನಕ್ಕು ನಕ್ಕು ಸುಸ್ತಾದರೂ ದಿಂಬತ್ತೆಯ ಕಣ್ಣು ಕೆಲಸ ಬಿಟ್ಟಿರಲಿಲ್ಲ. ಅಪ್ಪಿತಪ್ಪಿ ನೇರ ಹೋದ ಒಂದೆರಡು ಚೆಂಡುಗಳಲ್ಲೇ ಅವಳು ನೋಡಬೇಕಾದ್ದನ್ನು ನೋಡಿದ್ದಳು. ಹುಡುಗಿ ಚೆಂಡು ಬರುವ ಮೊದಲೇ ಕೈ ಚಾಚಿ ಕಿತ್ತುಕೊಳ್ಳಲು ಹೋಗುತ್ತಾಳೆ. ಕೆಳಗೆ ಬಂತೋ, ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾಳೆ.

"ಒಳಗೆ ಬಾ. ಹೊಲಿಗೆ ಬಾಕಿ ಇದೆ."

ಹಾಸಿಗೆಗೆ ಗುಂಡಿ ಹಾಕುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ತುಂಬಿದ ಹಾಸಿಗೆಯನ್ನು ಎರಡು ಬೆಂಚುಗಳ ಮೇಲೆ ಅಡ್ಡ ಹಾಕಿ, ಮೇಲಿನಿಂದ ಒಬ್ಬರು ಅಡಿಯುದ್ದದ ಸೂಜಿ ಚುಚ್ಚುತ್ತಾರೆ. ಕೆಳಗೆ ಕೂತವರು ಅದನ್ನು ಹಿಡಿದು, ದಾರಕ್ಕೆ ಗುಂಡಿ ಪೋಣಿಸಿ ಮೇಲಕ್ಕೆ ವಾಪಸ್ಸು ಕೊಡುತ್ತಾರೆ. ಸೂಜಿ ಎಲ್ಲಿ ಬರುತ್ತದೆಂದು ಕೆಳಗಿನವರಿಗೆ ಕಾಣುವುದಿಲ್ಲ. ಬಟ್ಟೆ ಒಂದು ಚೂರು ಉಬ್ಬಿದಾಗ ಬೆರಳು ಅಲ್ಲಿಗೆ ಹೋಗಬೇಕು. ಮೊದಲೇ ಹೋದರೆ ಚುಚ್ಚಿಸಿಕೊಳ್ಳುತ್ತೀರಿ, ಎಳೆದಾಡಿದರೆ ದಾರ ತುಂಡಾಗುತ್ತದೆ. ಗುಂಡಿ ಆರು ವರ್ಷದವಳಿದ್ದಾಗಿನಿಂದ ಕೆಳಗೆ ಕೂರುತ್ತಿದ್ದಳು. ಅವಳ ಬೆರಳಿಗೆ ಸೂಜಿ ತಾಕಿ ಯಾವ ಕಾಲವಾಯಿತೋ.

ಹತ್ತು ಗುಂಡಿ ಮುಗಿದ ಮೇಲೆ ಅತ್ತೆ ಮೇಲಿನಿಂದ ಕೇಳಿದಳು: "ಕಣ್ಣು ಮುಚ್ಕೊಂಡಿದ್ದೀಯಾ?"

"ಇಲ್ಲಪ್ಪ. ಮುಚ್ಚಿದ್ರೆ ಚುಚ್ಚುತ್ತಲ್ಲ."

"ಕೈ ಚಾಚ್ಕೊಂಡಿದ್ದೀಯಾ?"

"ಇಲ್ಲ. ಅದೇ ಬರುತ್ತಲ್ಲ."

"ಮತ್ತೆ ಚೆಂಡೇನು ನಿನಗೆ ಬೇರೆ ಲೋಕದಿಂದ ಬರುತ್ತಾ, ಕತ್ತೆ?"

ಬೆಂಚಿನ ಕೆಳಗಿನಿಂದ "ಅಯ್ಯೋ!" ಎಂದು ಗುಂಡಿ ಎದ್ದ ರಭಸಕ್ಕೆ ತಲೆ ಬೆಂಚಿಗೆ ಠಣ್ಣೆಂದು ಬಡಿಯಿತು. ತಲೆ ಉಜ್ಜಿಕೊಳ್ಳುತ್ತಲೇ ಓಣಿಗೆ ಓಡಿದಳು.

ಮಂಗಳವಾರದ ಹೊತ್ತಿಗೆ ಗ್ಲೌಸು ಸುಮ್ಮನೆ ಕಾಯುವುದನ್ನು ಕಲಿಯಿತು. ಚೆಂಡು ತಾನೇ ಬಂದು ಅದರೊಳಗೆ ಕೂರುತ್ತಿತ್ತು; ಕೂತ ಮೇಲೂ ಕೈ ಅಲ್ಲಾಡುತ್ತಿರಲಿಲ್ಲ. "ಹಾಗೇ ಹಿಡ್ಕೊಂಡ್ರೆ ಅಂಪೈರ್‌ಗೂ ಒಳ್ಳೆ ಚೆಂಡು ಅಂತ ಕಾಣುತ್ತಂತೆ ಅತ್ತೆ!" ಎಂದು ಹುಡುಗಿ ಕುಣಿದಳು.

ಬುಧವಾರ ನೆಲಕ್ಕೆ ಕುಟ್ಟುವ ಚೆಂಡಿನ ಪಾಠ. ಓಣಿಯಲ್ಲಿ ಎರಡು ಹಾಸಿಗೆ ನೇತಾಡುತ್ತಿದ್ದವು. ಒಂದು ಹೊಸದು; ಬೆನ್ನುನೋವಿನ ಗಿರಾಕಿಗೆಂದು ಗಟ್ಟಿಯಾಗಿ ಒತ್ತಿ ತುಂಬಿದ್ದು. ಇನ್ನೊಂದು ಬಿಚ್ಚಿ ತುಂಬಲು ಬಂದ ಹಳೆಯದು. ಅತ್ತೆ ಎಸೆದ ಚೆಂಡು ಹೊಸದಕ್ಕೆ ಬಡಿದು ಡಬ್ಬೆಂದು ಚಿಮ್ಮಿ ಅವಳ ಕಿವಿಯ ಪಕ್ಕದಲ್ಲೇ ಹೋಯಿತು. ಹಳೆಯದಕ್ಕೆ ಬಡಿದದ್ದು ಉಸ್ಸೆಂದು ಅದರ ಬುಡದಲ್ಲೇ ಬಿತ್ತು, ಉರುಳಲೂ ಇಲ್ಲ.

"ನೋಡ್ದ್ಯಾ? ಬಿಗಿ ಇದ್ರೆ ಚಿಮ್ಮಿಸುತ್ತೆ, ಸಡಿಲ ಇದ್ರೆ ನುಂಗುತ್ತೆ. ಕೆಳಗೆ ಬರೋ ಚೆಂಡನ್ನ ಹಿಡಿಯೋಕೆ ಹೋಗ್ಬೇಡ. ಮಂಡಿ ಊರು, ಮಂಡಿ ಮಧ್ಯದ ಸಂದಿಗೆ ಗ್ಲೌಸ್ ಮುಚ್ಚು, ಗಲ್ಲ ಎದೆಗೆ. ಭುಜ ಮುಂದಕ್ಕೆ ಬಗ್ಗಿಸು, ಉಸಿರು ಬಿಟ್ಟುಬಿಡು. ಹಳೇ ಹಾಸಿಗೆ ಆಗು."

"ಮುಖಕ್ಕೆ ಬಂದ್ರೆ?"

"ಜಾಲರಿ ಮತ್ತೆ ಸೊಳ್ಳೆಗೆ ಕಟ್ಕೊಂಡಿದ್ದೀಯಾ?"

ಇಲ್ಲಿ ದಿಂಬತ್ತೆಯ ಕೆಟ್ಟ ಕೈ ವರವಾಯಿತು ನೋಡಿ. ಕೋಚ್ ಎಸೆಯುವುದೆಲ್ಲ ಅಳತೆಪಟ್ಟಿ ಇಟ್ಟಂತೆ ನೆಟ್ಟಗೆ. ಅವನ್ನು ಹಿಡಿದು ಹಿಡಿದು ಹುಡುಗಿಗೆ ಸೊಟ್ಟ ಚೆಂಡೆಂದರೆ ಏನೆಂದೇ ಗೊತ್ತಿರಲಿಲ್ಲ. ಅತ್ತೆಯ ಕೈಯಿಂದ ಎರಡು ಚೆಂಡು ಒಂದೇ ದಾರಿಯಲ್ಲಿ ಬಂದದ್ದಿಲ್ಲ. ಎಡಕ್ಕೆ, ಬಲಕ್ಕೆ, ಕಾಲಬುಡಕ್ಕೆ, ಒಮ್ಮೊಮ್ಮೆ ಅಂಗಡಿಯ ಮೇಲಿಂದ ಹಾರಿ ಎದುರಿನ ಗಡಿಯಾರದವನ ಮಾಡಿಗೆ. ಎಲ್ಲಿಗೆ ಬರುತ್ತದೆಂದು ಎಸೆಯುವವಳಿಗೇ ಗೊತ್ತಿಲ್ಲದಿದ್ದ ಮೇಲೆ ಕೂತವಳು ಕಣ್ಣು ಮುಚ್ಚುವುದು ಹೇಗೆ? ಗುಂಡಿ ಕಪ್ಪೆಯ ಹಾಗೆ ಆಚೆ ಈಚೆ ಹಾರಿ ಮಂಡಿಯೂರಿದಳು. ಚೆಂಡುಗಳು ಒಂದೊಂದಾಗಿ ಅವಳೆದುರು ಸತ್ತು ಬೀಳತೊಡಗಿದವು. ಗುರುವಾರ ನೂರಕ್ಕೆ ಎಪ್ಪತ್ತು, ಶುಕ್ರವಾರ ನೂರಕ್ಕೆ ತೊಂಬತ್ತೆರಡು. ಅತ್ತೆಯ ತೋಳು ಬಾತುಹೋಗಿ, ಟೀ ಲೋಟ ಎತ್ತಲು ಇನ್ನೊಂದು ಕೈ ಬೇಕಾಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಶುಕ್ರವಾರ ಸಂಜೆ ಹುಡುಗಿ ಕೈಕಾಲು ತೊಳೆಯುವಾಗ ಅವಳ ಕೊರಳಿನ ಕೆಳಗೆ ನೀಲಿಗಟ್ಟಿದ ಒಂದು ಕಲೆ ದಿಂಬತ್ತೆಯ ಕಣ್ಣಿಗೆ ಬಿತ್ತು. ಕಿತ್ತಳೆ ಹಣ್ಣಿನಷ್ಟು ದೊಡ್ಡದು. ಈ ಕೈಯೇ ಎಸೆದದ್ದು, ಈ ಪಾಪಿ ಕೈ! ಚೆಸ್ಟ್ ಗಾರ್ಡನ್ನು ಎತ್ತಿ ನೋಡಿದಳು. ಮೂರು ವರ್ಷ ಯಾರು ಯಾರೋ ಹಾಕಿ ಸವೆಸಿದ್ದು, ಒಳಗಿನ ಸ್ಪಂಜು ಹಪ್ಪಳವಾಗಿತ್ತು. ಗುಂಡಿ ಮನೆಗೆ ಹೋದದ್ದೇ ತಡ, ಕತ್ತರಿ ತೆಗೆದು ಹೊಲಿಗೆ ಬಿಚ್ಚಿದಳು. ಇದ್ದುದರಲ್ಲೇ ಒಳ್ಳೆಯ ಹೊಸ ಹತ್ತಿ ಆರಿಸಿ, ತುಂಬಿದಳು, ಒತ್ತಿದಳು, ಮತ್ತೆ ತುಂಬಿದಳು. ಬುಧವಾರದ ಪಾಠ ಪಾಠ ಮಾಡಿದವಳಿಗೇ ಮರೆತುಹೋಗಿತ್ತು. ಹಾಸಿಗೆ ಹೊಲಿಯುವವಳಿಗೆ ಪ್ರೀತಿ ಉಕ್ಕಿದರೆ ಇನ್ನೇನು ತೋಚುತ್ತದೆ ಹೇಳಿ? ಹತ್ತಿ ತುಂಬುವುದು ಬಿಟ್ಟು ಅವಳಿಗೆ ಬೇರೆ ಮುದ್ದು ಬರುತ್ತಿರಲಿಲ್ಲ.

ಬೆಳಿಗ್ಗೆ ಗುಂಡಿ ಅದನ್ನು ಹಾಕಿಕೊಂಡಾಗ ಮೂಗಿಗಿಂತ ಮೂಗುತಿ ಭಾರವಾಗಿತ್ತು. "ಹೇಗಿದೆ?" ಎಂದು ಅತ್ತೆ ಮುಖವರಳಿಸಿ ಕೇಳಿದಳು. ಹುಡುಗಿ ಗಾರ್ಡಿನ ಮೇಲೆ ಬೆರಳಿಂದ ಟಕಟಕ ಬಡಿದು ನೋಡಿ, "ತುಂಬಾ ಚೆನ್ನಾಗಿದೆ ಅತ್ತೆ" ಎಂದಳು.

ಮೈದಾನದ ಕಲ್ಲು ಮೆಟ್ಟಿಲ ಮೇಲೆ ದಿಂಬತ್ತೆಯ ಪಕ್ಕದಲ್ಲಿ ಎಡಚಿಯ ಅಪ್ಪ ಲಿಫ್ಟ್ ಮೆಕ್ಯಾನಿಕ್ ಕೂತಿದ್ದ. ಆಟದ ಕಾನೂನೆಲ್ಲ ಬಲ್ಲವನು, ಪಾಪದ ಮನುಷ್ಯ; ದಿಂಬತ್ತೆ ಖುಷಿಗೆ ಗುದ್ದಿದ್ದೆಲ್ಲ ಅವನ ಭುಜಕ್ಕೇ ಬೀಳುತ್ತಿತ್ತು. ಖುಷಿಗೆ ಕಾರಣವೂ ಇತ್ತು. ಗುಂಡಿಯ ಗ್ಲೌಸು ಅಲ್ಲಾಡದೆ ಚೆಂಡು ನುಂಗುತ್ತಿತ್ತು. ಮೂರನೇ ಸರದಿಯಲ್ಲಿ ಒಂದು ಚೆಂಡು ನೆಲಕ್ಕೆ ಕುಟ್ಟಿತು. ಹುಡುಗಿ ಹೇಳಿಕೊಟ್ಟಂತೆಯೇ ಮಂಡಿಯೂರಿದಳು. ಚೆಂಡು ಎದೆಗೆ ಬಡಿದು ಡಬ್ಬೆಂದು ಚಿಮ್ಮಿ, ಹತ್ತು ಮಾರು ದೂರ ಉರುಳಿತು.

"ಒಂದು!" ಎಂದು ಕೋಚ್ ಬೆರಳೆತ್ತಿದಳು.

"ಕೆಟ್ಟ ಚೆಂಡು" ಎಂದು ದಿಂಬತ್ತೆ ಗೊಣಗಿದಳು. ಆರನೇ ಸರದಿಯಲ್ಲಿ ಮತ್ತೆ ಡಬ್! ಈ ಸಲ ಮೂರನೇ ಬೇಸಿನಲ್ಲಿದ್ದ ಎದುರಾಳಿ ಓಡಿ ಬಂದು ಓಟ ಗಳಿಸಿಯೇಬಿಟ್ಟಳು. ಗುಂಡಿಯ ತಂಡದ ಮುನ್ನಡೆ ಎರಡರಿಂದ ಒಂದಕ್ಕಿಳಿಯಿತು. ಕೋಚ್ ಎರಡು ಬೆರಳೆತ್ತಿದಳು. ಬೇಲಿಯ ಪಕ್ಕ ಉದ್ದಜಡೆ ಎದ್ದು ನಿಂತು ಜಡೆ ಗಂಟು ಹಾಕಿಕೊಳ್ಳತೊಡಗಿದಳು.

"ಮಂಡಿ ಸರಿಯಾಗೇ ಊರಿದ್ಲು. ಆದ್ರೂ ಗೋಡೆಗೆ ಹೊಡೆದ ಹಾಗೆ ಚಿಮ್ತಿದೆಯಲ್ಲ" ಎಂದ ಮೆಕ್ಯಾನಿಕ್.

ದಿಂಬತ್ತೆಗೆ ಬೆನ್ನುನೋವಿನ ಗಿರಾಕಿಯ ಹಾಸಿಗೆ ಕಣ್ಣಮುಂದೆ ಬಂತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. ಅದೂ ತನ್ನ ಕೈಯಾರೆ, ಆರಿಸಿ ತಂದ ಹತ್ತಿಯಲ್ಲಿ!

"ನಿಲ್ಸಿ! ಆಟ ನಿಲ್ಸಿ!" ಎಂದು ಕೂಗುತ್ತ ಅವಳು ಮೆಟ್ಟಿಲಿಳಿದು ಓಡಿದಳು. ಪುಣ್ಯಕ್ಕೆ ಸರದಿ ಮುಗಿದು ತಂಡಗಳು ಬದಲಾಗುವ ಹೊತ್ತಾಗಿತ್ತು, ಇಲ್ಲದಿದ್ದರೆ ಅಂಪೈರ್ ಅವಳನ್ನೂ ಔಟ್ ಮಾಡುತ್ತಿದ್ದ. ಸೊಂಟದ ಚೀಲದಲ್ಲಿ ಕತ್ತರಿ, ಸೂಜಿ, ದಾರ ಸದಾ ಇರುತ್ತಿದ್ದವು. ಹುಡುಗಿಯ ಎದೆಯಿಂದ ಗಾರ್ಡ್ ಬಿಚ್ಚಿ, ಕರಕರ ಹೊಲಿಗೆ ಕತ್ತರಿಸಿ, ಹಿಡಿ ಹಿಡಿ ಹತ್ತಿ ಕಿತ್ತು ಬಿಸಾಡತೊಡಗಿದಳು. ಗಾಳಿ ಅದನ್ನೆತ್ತಿಕೊಂಡು ಮೈದಾನವೆಲ್ಲ ಹರಡಿತು. ಅಂಪೈರ್ ಏಳು ಸಲ ಸೀನಿದ. ಎದುರಾಳಿ ತಂಡದ ಹುಡುಗಿಯರು ಹತ್ತಿ ಹಿಡಿಯಲು ಕಿರುಚಿಕೊಂಡು ಓಡಿದರು. ಕೋಚಿನ ಟೋಪಿಯ ಮೇಲೊಂದು ಉಂಡೆ ಹೋಗಿ ಕೂತಿತು, ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

"ಬಿಗಿ ಇದೆ ಅಂತ ಬೆಳಿಗ್ಗೇನೇ ಗೊತ್ತಿತ್ತು ನಿಂಗೆ!" ಹಲ್ಲಲ್ಲಿ ದಾರ ಕಚ್ಚಿಕೊಂಡೇ ಅತ್ತೆ ಗದರಿದಳು. "ಗೊತ್ತಿತ್ತೋ ಇಲ್ವೋ? ಯಾಕೆ ಬಾಯಿ ಬಿಡ್ಲಿಲ್ಲ?"

ಗುಂಡಿ ಏನೋ ಹೇಳಹೊರಟಳು. ಅಷ್ಟರಲ್ಲಿ ಅಂಪೈರ್ ಸೀನುತ್ತಲೇ ಕರೆದ.

ಕೊನೆಯ ಸರದಿ. ಇಬ್ಬರು ಔಟಾಗಿದ್ದರು. ಮೂರನೇ ಬೇಸಿನಲ್ಲಿ ಒಬ್ಬಳು ಓಡಲು ತುದಿಗಾಲಲ್ಲಿದ್ದಳು. ಬ್ಯಾಟ್ ಹಿಡಿದವಳು ಎದುರಾಳಿಗಳಲ್ಲೇ ಗಟ್ಟಿಗಿತ್ತಿ. ಎರಡು ಸಲ ಬೀಸಿ ತಪ್ಪಿದ್ದಳು, ಇನ್ನೊಂದು ತಪ್ಪಿದರೆ ಮುಗಿಯಿತು. ಮೆಕ್ಯಾನಿಕ್ ಉಗುರು ಕಚ್ಚುತ್ತ ವಿವರಿಸಿದ: "ಇದೊಂದು ಚೆಂಡು ಗುಂಡಿಯಿಂದ ತಪ್ಪಿಸ್ಕೊಂಡ್ರೆ ಆಟ ಸಮ ಆಗುತ್ತೆ, ಗ್ಲೌಸೂ ಹೋಗುತ್ತೆ. ಅವಳು ಬೀಸಿ ತಪ್ಪಿದ್ರೂ ಚೆಂಡು ನೆಲಕ್ಕೆ ಬಿದ್ದಿದ್ರೆ ಸಾಲದು ಅಮ್ಮ, ಅವಳು ಮೊದಲ ಬೇಸಿಗೆ ಓಡೋದ್ರೊಳಗೆ ಗುಂಡಿ ಅದನ್ನ ಎತ್ಕೊಂಡು ಅವಳಿಗೆ ಮುಟ್ಟಿಸ್ಬೇಕು."

ಗುಂಡಿ ಮಂಡಿಗಳ ನಡುವೆ ಬೆರಳಾಡಿಸಿ ಸನ್ನೆ ಮಾಡಿದಳು. ದೂರದಲ್ಲಿ ಎಡಚಿಯ ಕಣ್ಣು ಅಗಲವಾಯಿತು. ಬೇಡವೆಂದು ತಲೆಯಾಡಿಸಿದಳು.

"ಅಯ್ಯಯ್ಯೋ, ಮುಳುಗ ಕೇಳ್ತಿದ್ದಾಳೆ!" ಎಂದು ಮೆಕ್ಯಾನಿಕ್ ಮುಖ ಮುಚ್ಚಿಕೊಂಡ.

ಗುಂಡಿ ಅದೇ ಸನ್ನೆ ಮತ್ತೆ ಮಾಡಿದಳು. ಎಡಚಿ ಮತ್ತೆ ತಲೆಯಾಡಿಸಿದಳು. ಆಗ ಗುಂಡಿ ಜಾಲರಿ ಮೇಲೆತ್ತಿ, ಇಡೀ ಮೈದಾನದೆದುರು ಗೆಳತಿಗೆ ನಾಲಗೆ ಚಾಚಿ ಅಣಕಿಸಿ, ಜಾಲರಿ ಇಳಿಸಿ, ಎದುರಿನ ನೆಲಕ್ಕೆ ಗ್ಲೌಸಿನಿಂದ ಟಪಟಪ ಬಡಿದಳು. ಇಲ್ಲಿ ಹಾಕು ನೋಡೋಣ!

ಎಡಚಿ ನಕ್ಕುಬಿಟ್ಟಳು. ನಗುತ್ತಲೇ ಕೈ ತಿರುಗಿಸಿದಳು.

ಚೆಂಡು ನೇರ ಬಂತು, ಬ್ಯಾಟಿನ ಹತ್ತಿರ ದುಡುಮ್ಮನೆ ಮುಳುಗಿತು. ಬ್ಯಾಟ್ ಗಾಳಿ ಹೊಡೆಯಿತು. ಚೆಂಡು ನೆಲಕ್ಕೆ ಕುಟ್ಟಿ, ಎಡಕ್ಕೆ ಸೊಟ್ಟಗೆ ಪುಟಿಯಿತು. ಥೇಟ್ ಅತ್ತೆ ಎಸೆದ ಹಾಗೆ! ಗುಂಡಿ ಅಷ್ಟರಲ್ಲಾಗಲೇ ಎಡಕ್ಕೆ ಜಾರಿ ಮಂಡಿಯೂರಿದ್ದಳು, ಗಲ್ಲ ಎದೆಗೆ, ಭುಜ ಮುಂದಕ್ಕೆ, ಕಣ್ಣು ಅಗಲ. ಮೆಟ್ಟಿಲ ಮೇಲೆ ದಿಂಬತ್ತೆ ತನಗರಿವಿಲ್ಲದೆ ಬೆನ್ನು ಬಗ್ಗಿಸಿ ಉಸ್ಸೆಂದು ಉಸಿರು ಬಿಟ್ಟಳು. ಚೆಂಡು ಎದೆಗೆ ಬಡಿಯಿತು. ಡಬ್ ಎನ್ನಲಿಲ್ಲ. ಪೊಸ್ ಎಂದು ಸದ್ದು ಮಾಡಿ ಅವಳ ಮಂಡಿಯೆದುರೇ ಬಿದ್ದು ಸುಮ್ಮನಾಯಿತು. ಅರ್ಜೆಂಟಿನ ಹೊಲಿಗೆಯ ಸಂದಿನಿಂದ ಒಂದೇ ಒಂದು ಎಳೆ ಹತ್ತಿ ಹಾರಿತು.

ಬ್ಯಾಟಿನವಳು ಓಟ ಕಿತ್ತಳು. ಗುಂಡಿ ಕಿತ್ತುಕೊಳ್ಳಲು ಹೋಗಲಿಲ್ಲ, ಸೂಜಿ ಎತ್ತಿಕೊಳ್ಳುವ ಹಾಗೆ ಚೆಂಡನ್ನು ಎತ್ತಿಕೊಂಡು, ಎರಡು ಹೆಜ್ಜೆ ಹಾರಿ, ಅವಳ ಬೆನ್ನಿಗೆ ಮುಟ್ಟಿಸಿದಳು.

"ಔಟ್!" ಎಂದು ಕೂಗಿ ಅಂಪೈರ್ ಸೀನಿದ.

ಆಮೇಲಿನದ್ದು ದಿಂಬತ್ತೆಗೆ ಸರಿಯಾಗಿ ನೆನಪಿಲ್ಲ. ತಾನು ಮೆಕ್ಯಾನಿಕನ ಬೆನ್ನಿಗೆ ಗುದ್ದಿ ಅವನ ಕನ್ನಡಕ ಬೀಳಿಸಿದ್ದು ನಿಜವಂತೆ. ಎಡಚಿ ಓಡಿಬಂದು ಗುಂಡಿಯನ್ನು ಎತ್ತಲು ಹೋಗಿ ಇಬ್ಬರೂ ಮಣ್ಣಿಗೆ ಬಿದ್ದು ಅಲ್ಲೇ ಹೊರಳಾಡಿ ನಗುತ್ತಿದ್ದುದು ಮಾತ್ರ ಅವಳ ಕಣ್ಣಿಗೆ ಕಟ್ಟಿದೆ. ಉದ್ದಜಡೆ ಕೂಡ ಗಂಟು ಬಿಚ್ಚಿ ಚಪ್ಪಾಳೆ ತಟ್ಟಿದಳು, ಒಳ್ಳೆಯ ಹುಡುಗಿ.

ಕೋಚ್ ಮೇಡಂ ನೇರ ದಿಂಬತ್ತೆಯ ಹತ್ತಿರ ಬಂದಳು. ಟೋಪಿಯ ಮೇಲೆ ಹತ್ತಿ ಇನ್ನೂ ಇತ್ತು. ಮೈದಾನ ಗಲೀಜು ಮಾಡಿದ್ದಕ್ಕೆ ಬೈಯುತ್ತಾಳೆಂದು ದಿಂಬತ್ತೆ ಎರಡು ಒಳ್ಳೆಯ ಉತ್ತರ ಸಿದ್ಧಮಾಡಿಕೊಂಡಳು.

"ಅಮ್ಮಾ, ಇವಳಿಗೆ ಹೇಳಿಕೊಟ್ಟಿದ್ದು ನೀವಾ? ವಾರಕ್ಕೆರಡು ದಿನ ಬಂದು ನಮ್ಮ ಹುಡುಗೀರಿಗೆಲ್ಲ ಚೆಂಡು ಎಸೀಬೇಕು."

ಸಿದ್ಧಮಾಡಿಕೊಂಡಿದ್ದ ಉತ್ತರಗಳು ಕೆಲಸಕ್ಕೆ ಬರಲಿಲ್ಲ. "ನನಗೆ ನೆಟ್ಟಗೆ ಎಸೆಯೋಕೆ ಬರಲ್ಲ ಮೇಡಂ" ಎಂದಳು, ಹುಟ್ಟಿದಾಗಿನಿಂದ ಮೊದಲ ಸಲ ಸಣ್ಣ ದನಿಯಲ್ಲಿ.

"ನೆಟ್ಟಗೆ ಎಸೆಯೋಕೆ ನಾನಿದ್ದೀನಲ್ಲ" ಎಂದಳು ಕೋಚ್.

ಮನೆ ಕಡೆ ನಡೆಯುವಾಗ ಗುಂಡಿ ಚೆಸ್ಟ್ ಗಾರ್ಡನ್ನು ಬಿಚ್ಚಲೇ ಇಲ್ಲ. ಕೂದಲಲ್ಲಿ ಹತ್ತಿ, ಮಂಡಿಯ ತುಂಬ ಮಣ್ಣು. ಓಣಿಯ ತಿರುವಿನಲ್ಲಿ ಅತ್ತೆ ಮತ್ತೆ ಕೇಳಿದಳು: "ಈಗಾದ್ರೂ ಹೇಳು. ಬೆಳಿಗ್ಗೆ ಯಾಕೆ ಸುಮ್ಮನಿದ್ದೆ? ಗ್ಲೌಸ್ ಹೋಗ್ತಿತ್ತಲ್ಲೇ!"

"ನೀನು ಹೊಲಿದಿದ್ದಲ್ವಾ ಅತ್ತೆ," ಎಂದಳು ಗುಂಡಿ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ದಿಂಬತ್ತೆ ಅಳು ಬಂದೀತೆಂದು ಹುಡುಗಿಯ ಕೈಯಿಂದ ಚೆಂಡು ಕಿತ್ತುಕೊಂಡು, "ಹಿಡಿ ನೋಡೋಣ!" ಎಂದು ಬಾತ ತೋಳಿನಿಂದಲೇ ಎಸೆದಳು. ಅದು ಗಡಿಯಾರದವನ ಮಾಡಿಗೆ ಬಿತ್ತು. ಒಳಗಿಂದ "ಇವತ್ತು ಯಾರಮ್ಮಾ?" ಎಂಬ ಕೂಗು ಕೇಳಿತು. ಇಬ್ಬರೂ ಸೆರಗು ಗಾರ್ಡು ಹಿಡಿದುಕೊಂಡು ನಗುತ್ತ ಓಡಿದರು.